ಅಲುಗದ ಗೆರೆ

ಒತ್ತಿದ್ದೆನೋ ಇಲ್ಲವೋ ಎಂಬುದು ಚನ್ನೇಶನಿಗೆ ಖಚಿತವಾಗಲಿಲ್ಲ. ಬ್ಯಾಡಗಿಯ ಮಾವನ ಮನೆಯ ಪಡಸಾಲೆಯಲ್ಲಿ ಬಸುರಿ ಹೆಂಡತಿಯ ಕುಬಸ ನಡೆದಿತ್ತು. ಹಸಿರು ಸೀರೆಯುಟ್ಟ ಮೀನಾಕ್ಷಿ ಪಕ್ಕದ ಮಣೆಯ ಮೇಲೆ ಕೂತಿದ್ದಳು. ಮುತ್ತೈದೆಯರು ಒಬ್ಬರಾದ ಮೇಲೊಬ್ಬರು ಬಂದು ಅವಳ ಕೈಗೆ ಬಳೆ ಏರಿಸಿ, ಉಡಿಗೆ ಅಕ್ಕಿ ಹಾಕಿ, ಇವನ ಹಣೆಗೂ ಕುಂಕುಮ ಒತ್ತಿ ಹೋಗುತ್ತಿದ್ದರು. ಅವರ ಹೆಬ್ಬೆರಳು ಹಣೆಗೆ ತಾಗಿದಾಗಲೆಲ್ಲ ಅವನಿಗೆ ತನ್ನ ಬೆರಳು ನೆನಪಾಗುತ್ತಿತ್ತು. ಬೆಳಿಗ್ಗೆ ಆ ಬೆರಳು ಮೌಸಿನ ಮೇಲಿತ್ತು. ಪರದೆಯ ನಡುವೆ ಸಣ್ಣ ಪೆಟ್ಟಿಗೆಯೊಂದು ತೆರೆದು, ಫೋರ್ಸ್ ತೆಗೆಯಲೇ, ಹೌದೋ ಅಲ್ಲವೋ ಎಂದು ಕೇಳಿತ್ತು. ಹೌದು ಎಂಬುದನ್ನು ಒತ್ತಿದ್ದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಆದರೆ ಆ ನೆನಪಿನೊಳಗೆ ಕಿಟಕಿಯಾಚೆ ಮಳೆ ಬರುತ್ತಿತ್ತು, ಎದುರಿಗಿದ್ದ ಆಪರೇಟರ್ ಶಂಭುಲಿಂಗ ಮಂಕಿ ಕ್ಯಾಪ್ ಹಾಕಿಕೊಂಡಿದ್ದ. ಈಗ ಮೆಣಸಿನಕಾಯಿಯ ಸುಗ್ಗಿ. ಎಲ್ಲಿಯ ಮಳೆ? ಹಾಗಾದರೆ ಅದು ಇವತ್ತಿನ ಬೆಳಗಲ್ಲ, ಹೋದ ವರ್ಷದ ಯಾವುದೋ ಬೆಳಗು. ಇವತ್ತಿನ ಬೆಳಗನ್ನು ನೆನಪು ಮಾಡಿಕೊಳ್ಳಲು ಹೋದರೆ ಬೇರೆ ಬೆಳಗುಗಳೇ ಸಾಲುಗಟ್ಟಿ ಬಂದು, ನಾನೇ, ನಾನೇ ಎನ್ನುತ್ತಿದ್ದವು.

ಅವನು ಕೆಲಸ ಮಾಡುತ್ತಿದ್ದದ್ದು ರಾಣೆಬೆನ್ನೂರಿನ ಹೊರಗೆ, ಕುಪ್ಪೇಲೂರಿನ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ಸಣ್ಣ ವಿದ್ಯುತ್ ಸ್ಥಾವರದಲ್ಲಿ. ಹತ್ತಿಕಟ್ಟಿಗೆ, ಗೋವಿನಜೋಳದ ಬೆಂಡು, ಕಿತ್ತು ಒಣಗಿಸಿದ ಮೆಣಸಿನಗಿಡ, ಹೀಗೆ ಸುತ್ತಲಿನ ಹೊಲಗಳು ಬಿಟ್ಟುಕೊಟ್ಟಿದ್ದನ್ನೆಲ್ಲ ಉರಿಸಿ ಅಲ್ಲಿ ಕರೆಂಟು ತೆಗೆಯುತ್ತಿದ್ದರು. ಉರಿಯ ಮೇಲೆ ಬಾಯ್ಲರ್, ಬಾಯ್ಲರಿನ ನೆತ್ತಿಯಲ್ಲಿ ನೀರಿನ ಡ್ರಮ್ಮು, ಅದರ ಬದಿಗೆ ಕಣ್ಣಿಂದಲೇ ನೀರು ನೋಡಲು ಒಂದು ಗಾಜು. ಡ್ರಮ್ಮಿನಲ್ಲಿ ನೀರು ಎಷ್ಟಿದೆ ಎಂದು ಒಂದು ಸೆನ್ಸರ್ ಕಂಪ್ಯೂಟರಿಗೆ ಹೇಳುತ್ತಿತ್ತು. ನೀರು ತೀರ ತಗ್ಗಿದರೆ ಕಂಪ್ಯೂಟರು ಯಾರನ್ನೂ ಕೇಳದೆ ಉರಿ ನಿಲ್ಲಿಸಿಬಿಡುತ್ತಿತ್ತು. ಜೋಡಿಗಿದ್ದ ಇನ್ನೊಂದು ಸೆನ್ಸರ್ ಕೆಟ್ಟು ಕೂತಿತ್ತು, ಹೊಸದು ಬಂದಿರಲಿಲ್ಲ. ಉಳಿದ ಒಂದಕ್ಕೆ ಆಗಾಗ ಕೆಸರು ಕಟ್ಟುತ್ತಿತ್ತು. ಅದನ್ನು ತೊಳೆಯುವ ಹೊತ್ತಿನಲ್ಲಿ ಕಂಪ್ಯೂಟರು ಗಾಬರಿಬೀಳಬಾರದೆಂದು, ಚನ್ನೇಶ ಹಿಂದಿನ ಕೋಣೆಯ ಯಂತ್ರದಲ್ಲಿ ಕೂತು ತನ್ನ ಕೈಯಿಂದಲೇ ಒಂದು ಸುಳ್ಳು ಸಂಖ್ಯೆ ಬರೆದು ಕೂಡಿಸುತ್ತಿದ್ದ. ಇದಕ್ಕೆ ಫೋರ್ಸ್ ಎನ್ನುತ್ತಿದ್ದರು. ತೊಳೆದಾದ ಮೇಲೆ ಅದನ್ನು ತೆಗೆಯಬೇಕು. ತೆಗೆಯುವ ತನಕ ಡ್ರಮ್ಮಿನಲ್ಲಿ ನೀರಿರಲಿ ಬಿಡಲಿ, ಎಲ್ಲ ಪರದೆಗಳೂ ಅವನು ಬರೆದ ಸಂಖ್ಯೆಯನ್ನೇ ತೋರಿಸುತ್ತವೆ. ಇವತ್ತು ಬೆಳಿಗ್ಗೆ ಅವನು ಬರೆದದ್ದು ಐವತ್ತೆರಡು. ಅಷ್ಟರಲ್ಲಿ ಮೀನಾಕ್ಷಿಯ ತಮ್ಮ ಮಾಂತೇಶನ ಫೋನು ಬಂದಿತ್ತು. ಮಾಮಾ, ಲಗೂ ಬರ್ರಿ, ಮುಹೂರ್ತ ತಪ್ಪತೈತಿ. ಅವನು ಎದ್ದಿದ್ದ. ಎದ್ದದ್ದು ಒತ್ತಿದ ಮೇಲೋ, ಒತ್ತುವ ಮೊದಲೋ.

ಆರತಿ ಎತ್ತುವ ಹೊತ್ತಿಗೆ ಅವನು ಮೂತ್ರಕ್ಕೆ ಹೋಗುವವನಂತೆ ಹಿತ್ತಲಿಗೆ ಬಂದು ಕಂಟ್ರೋಲ್ ರೂಮಿಗೆ ಫೋನು ಮಾಡಿದ. ಶಂಭುಲಿಂಗ ಎತ್ತಿದ.

"ಡ್ರಮ್ ಲೆವೆಲ್ ಎಷ್ಟೈತಿ?"

"ಐವತ್ತೆರಡು. ಯಾಕ್ರಿ, ಕುಬಸ ಬಿಟ್ಟು ಇದನ್ನ ಕೇಳಾಕತ್ತೀರಿ?"

ಐವತ್ತೆರಡು ನಿಜವಾದ ನೀರೂ ಆಗಿರಬಹುದು. ಎಷ್ಟೋ ಸಲ ನಿಜವಾದ ನೀರೂ ಐವತ್ತೆರಡರಲ್ಲೇ ಇರುತ್ತದೆ. ಚನ್ನೇಶ ತೊಂಡೆ ಬಳ್ಳಿಯ ಚಪ್ಪರಕ್ಕೆ ಕೈಯಾನಿಸಿ ನಿಂತು, ತನ್ನ ದನಿ ಸಹಜವಾಗಿರುವಂತೆ ನೋಡಿಕೊಂಡು ಹೇಳಿದ. "ಒಂದೀಟು ಯಾರನ್ನರ ಮ್ಯಾಲೆ ಹತ್ತಿಸಿ ನೀರಿನ ಗಾಜು ನೋಡಸ್ತಿಯೇನು?"

 ಆ ಕಡೆ ಶಂಭುಲಿಂಗ ಯಾರಿಗೋ ಹೇಳಿದ್ದು ಕೇಳಿಸಿತು. "ಚನ್ನೇಶಂದು ಚಾಲೂ ಆತ ನೋಡಲೇ." ಹಿಂದೆ ಯಾರೋ ನಕ್ಕರು. "ನೋಡಸ್ತೇನಿ ಬಿಡ್ರಿ" ಎಂದ ಶಂಭುಲಿಂಗ. ಆ ಮಾತಿನ ಧಾಟಿಯಲ್ಲೇ ಅವನು ನೋಡಿಸುವುದಿಲ್ಲವೆಂದು ತಿಳಿಯುತ್ತಿತ್ತು.

"ಹಂಗಾರ ಹಿಂದಿನ ಖೋಲಿಗೆ ಹೋಗಿ ಫೋರ್ಸ್ ಐತೇನ ನೋಡು. ಪಾಸ್‌ವರ್ಡ್ ನಾ ಹೇಳ್ತೇನಿ."

"ಬ್ಯಾಡಪ್ಪಾ ಬ್ಯಾಡ. ಅದು ನಿಮಗ, ವಿರೂಪಾಕ್ಷ ಸಾಹೇಬ್ರಿಗೆ ಬಿಟ್ರ ಯಾರಿಗೂ ಗೊತ್ತಿರಬಾರದಂತ ಆರ್ಡರ್ ಐತಿ. ನಾಳೆ ಏನರ ಆತಂದ್ರ ನನ್ನ ತಲಿಮ್ಯಾಲೆ ಬರತೈತಿ. ಸಾಹೇಬ್ರು ಹಾವೇರಿಗೆ ಮೀಟಿಂಗಿಗೆ ಹೋಗ್ಯಾರ, ಅವರಿಗೆ ಹಚ್ಚರಿ."

ಮ್ಯಾನೇಜರ್ ವಿರೂಪಾಕ್ಷರಿಗೆ ಫೋನು ಹಚ್ಚುವ ಧೈರ್ಯ ಅವನಿಗಿರಲಿಲ್ಲ. ಹೋದ ಮಳೆಗಾಲದಲ್ಲಿ ಇಂಥದೇ ಒಂದು ಸಂಶಯ ಬಂದು, ಟರ್ಬೈನಿನ ಬೇರಿಂಗು ಕಾದಿದೆ, ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಹಟ ಹಿಡಿದು ಇಡೀ ಸ್ಥಾವರವನ್ನು ನಿಲ್ಲಿಸಿಬಿಟ್ಟಿದ್ದ. ಬಿಚ್ಚಿ ನೋಡಿದರೆ ಬೇರಿಂಗು ತಣ್ಣಗಿತ್ತು. ವಿರೂಪಾಕ್ಷ ಬೈಯಲಿಲ್ಲ. ಅವರು ಬೈಯುವ ಮನುಷ್ಯರೇ ಅಲ್ಲ. ಎರಡೂ ಪಾಳಿಯವರನ್ನು ಕಂಟ್ರೋಲ್ ರೂಮಿನಲ್ಲಿ ಕೂಡಿಸಿ, "ಚನ್ನೇಶ, ಏನಾಗಿತ್ತು ಅಂತ ನೀನs ಇವರಿಗೆ ಹೇಳಿಬಿಡಪ್ಪಾ" ಎಂದರು. ಅವನು ಎದ್ದು ನಿಂತು, ನನಗೆ ಭ್ರಮೆಯಾಗಿತ್ತು ಎಂದಿದ್ದ. "ಇನ್ನೊಮ್ಮೆ ಹೇಳು, ಹಿಂದ ಕುಂತವ್ರಿಗೆ ಕೇಳಸಲಿಲ್ಲ" ಎಂದರು ವಿರೂಪಾಕ್ಷ, ಮಗುವಿಗೆ ಪಾಠ ಒಪ್ಪಿಸಲು ಹೇಳುವವರಂತೆ, ಪ್ರೀತಿಯಿಂದಲೇ. ಎರಡನೆಯ ಸಲ ಹೇಳುವಾಗ ಅವನಿಗೆ ತನ್ನ ಪ್ಯಾಂಟಿನ ಜಿಪ್ಪು ಹಾಕಿದೆಯೋ ಇಲ್ಲವೋ ಎಂಬ ಸಂಶಯ ಬಂದು ಕೈ ಅಲ್ಲಿಗೆ ಹೋಯಿತು. ಎಲ್ಲರೂ ನಕ್ಕರು. ಆವತ್ತಿನಿಂದ ಅವನು ಡೌಟ್ ಚನ್ನೇಶ. ಈ ಬೆಳಗಿನ ಫೋರ್ಸಿಗೂ, ಇದಕ್ಕೂ ಮೊದಲಿನ ಫೋರ್ಸುಗಳಿಗೂ ವಿರೂಪಾಕ್ಷರ ಬಾಯಿಮಾತಿನ ಒಪ್ಪಿಗೆಯಿತ್ತು. ಬರಹದಲ್ಲಿ ಇರಲಿಲ್ಲ.

"ರೀ, ಎಲ್ಲಿ ಹೋಗಿದ್ರಿ? ಎಲ್ಲಾರೂ ಕಾಯಾಕತ್ತಾರ." ಮರಳಿ ಮಣೆಯ ಮೇಲೆ ಕೂತಾಗ ಮೀನಾಕ್ಷಿ ತುಟಿ ಅಲುಗಿಸದೆ ಕೇಳಿದಳು. ಹೆಂಗಸರು ಅವನಿಗೆ ಒಡಪು ಹೇಳಿ ಹೆಂಡತಿಯ ಹೆಸರು ತೆಗೆಯಬೇಕೆಂದು ಗಂಟುಬಿದ್ದರು. ಅವನು ಬಾಯಿ ತೆರೆದ. ಬಾಯಿಯ ತುದಿಗೆ ಬಂದದ್ದು ಹೆಸರಲ್ಲ, ಸಂಖ್ಯೆ. ನಾಲಿಗೆ ಕಚ್ಚಿಕೊಂಡ. "ಅಯ್ಯ, ನಮ್ಮ ಅಳಿಯಾರಿಗೆ ಹೇಣ್ತಿ ಹೆಸರs ಮರತೈತಿ!" ಎಂದು ಒಬ್ಬಳು ಕೂಗಿದಳು. ಪಡಸಾಲೆಯೆಲ್ಲ ನಗೆ ಎದ್ದಿತು. ಮೀನಾಕ್ಷಿಯೂ ನಗುತ್ತಿದ್ದಳು. ಆದರೆ ಅವಳ ಕೈಬೆರಳು ಉಡಿಯ ಅಕ್ಕಿಯನ್ನು ಬಿಗಿಯಾಗಿ ಹಿಡಿದಿದ್ದನ್ನು ಅವನು ಕಂಡ. ಬೀಗ ಹಾಕಿದ ಬಾಗಿಲಿಗೆ ಅರ್ಧ ದಾರಿಯಿಂದ ಅವನು ಹೊರಳಿ ಹೋಗುವುದನ್ನು, ಗ್ಯಾಸಿನ ತಿರುಪು ಮುಟ್ಟಿ ಮಲಗಿ ಮತ್ತೆ ಎದ್ದು ಮುಟ್ಟುವುದನ್ನು ಅವಳು ಮದುವೆಯಾದಾಗಿನಿಂದ ನೋಡಿದ್ದಳು. ತವರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅವನ ತಾಯಿ ಉಚ್ಚಂಗೆವ್ವ ಇದು ಯಾರೋ ಮಾಟ ಮಾಡಿಸಿದ್ದೆಂದು ಅವನ ತೋಳಿಗೆ ಕಟ್ಟಿದ್ದ ಕರಿದಾರವನ್ನು, ಇವತ್ತು ಮಣೆಗೆ ಕೂಡುವ ಮೊದಲು ಅವಳೇ ಅಂಗಿಯ ತೋಳಿನ ಒಳಗೆ ತಳ್ಳಿ ಮುಚ್ಚಿದ್ದಳು.

ಊಟಕ್ಕೆ ಎಲೆ ಹಾಕುವಾಗ ಅವನು ಇನ್ನೊಮ್ಮೆ ಫೋನು ಮಾಡಿದ. "ಈಗ ಎಷ್ಟೈತಿ?" "ಐವತ್ತೆರಡು" ಎಂದ ಶಂಭುಲಿಂಗ, ಈ ಸಲ ಬೇಸರದಿಂದ.  ಆಗಲೂ ಐವತ್ತೆರಡು, ಈಗಲೂ ಐವತ್ತೆರಡು. ಕುದಿಯುವ ನೀರು ಹಾಗೆ ನಿಲ್ಲುವುದಿಲ್ಲ, ಐವತ್ತೊಂದು ಐವತ್ತಮೂರು ಎಂದು ಉಸಿರಾಡುತ್ತಿರುತ್ತದೆ. "ಅಲುಗ್ಯಾಡಾಕತ್ತೈತೇನು, ಗಟ್ಟಿ ನಿಂತೈತೇನು?" ಎಂದು ಅವನು ಕೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಮೂರನೆಯ ಸಲ ಶಂಭುಲಿಂಗ ಎತ್ತಲಿಲ್ಲ. ಗಂಟೆಗೊಮ್ಮೆ ಮೇಲೆ ಹತ್ತಿ ಗಾಜು ನೋಡಬೇಕೆಂಬ ನಿಯಮ ಇತ್ತು. ಆದರೆ ಪರದೆಯಲ್ಲಿ ಕಾಣುವಾಗ ಆ ಬಿಸಿಯಲ್ಲಿ ಯಾರು ಹತ್ತುತ್ತಾರೆ? ಪರದೆ ನೋಡಿಯೇ ಗಾಜು ನೋಡಿದಂತೆ ಬರೆಯುತ್ತಿದ್ದರು. ಅವನೂ ಹಾಗೆ ಬರೆದವನೇ.

ಅವನು ಮೀನಾಕ್ಷಿಯನ್ನು ಒಳಕೋಣೆಗೆ ಕರೆದು, ಹೋಗಿ ಬರುತ್ತೇನೆಂದ. ಅವಳು ಮೊದಲು ತಿಳಿಯದವಳಂತೆ ನೋಡಿದಳು.

"ಎಲೀ ಹಾಕ್ಯಾರ್ರಿ. ಈಗ ಎದ್ದು ಹೋದ್ರ ಮಂದಿ ಏನಂತಾರು?"

"ಪ್ಲಾಂಟ್‌ನಾಗ ಕೆಲಸ ಐತಿ."

"ಯಾರರ ಕರದಾರೇನು?"

ಅವನು ಅಂಗಿಯ ಜೇಬಿನಲ್ಲಿ ಬಸ್ಸಿನ ಚಿಲ್ಲರೆ ತಡಕಿದ.

"ಯಾರೂ ಕರದಿಲ್ಲ" ಎಂದಳು ಅವಳು. ಅವಳ ದನಿ ಏರಲಿಲ್ಲ. "ಗ್ಯಾಸ್ ನೋಡಾಕ ಏಳ್ತೀರಲ್ಲ, ಹಂಗs ಇದೂ. ಹೌದಿಲ್ಲೋ ಹೇಳ್ರಿ. ನನ್ನ ಹೊಟ್ಟ್ಯಾಗಿನ ಕೂಸಿನ ಆಣಿ ಮಾಡಿ ಹೇಳ್ರಿ, ಅಲ್ಲೇನರ ಖರೇ ಆಗೈತೇನು?"

ಖರೇ ಎಂದು ಆಣೆ ಮಾಡಲು ಅವನಿಗೆ ಗೊತ್ತಿರಲಿಲ್ಲ. ಸುಳ್ಳೆಂದು ಆಣೆ ಮಾಡಲೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೋಗುವ ಪ್ರಮೇಯವೇ ಇರುತ್ತಿರಲಿಲ್ಲ. ಅವನು ಅವಳ ಭುಜ ಮುಟ್ಟಲು ಹೋದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಚಪ್ಪಲಿ ಮೆಟ್ಟಿಕೊಂಡು ಜನರ ನಡುವಿನಿಂದ ಹೊರಬೀಳುವಾಗ ಅತ್ತೆ ಹೋಳಿಗೆಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದರು, ಅವರಿಗೂ ಏನೂ ಹೇಳಲಿಲ್ಲ.

ಬ್ಯಾಡಗಿಯ ರಸ್ತೆ ಮೆಣಸಿನಕಾಯಿ ಲಾರಿಗಳಿಂದ ಕಟ್ಟಿಹೋಗಿತ್ತು. ಮಾರುಕಟ್ಟೆಯ ಘಾಟು ಬಸ್ಸಿನೊಳಗೆ ತುಂಬಿ ಎಲ್ಲರೂ ಕೆಮ್ಮುತ್ತಿದ್ದರು, ಒಂದು ಕೂಸು ಸೀನುತ್ತ ಅಳುತ್ತಿತ್ತು. ಮೋಟೆಬೆನ್ನೂರು ದಾಟುವ ತನಕ ಚನ್ನೇಶ ಪ್ರತಿ ಲಾರಿಯನ್ನೂ ತನ್ನ ಮೈಯಿಂದ ತಳ್ಳುವವನಂತೆ ಎದುರಿನ ಸೀಟಿನ ಸರಳು ಹಿಡಿದು ಕೂತಿದ್ದ. ಬೆಳಗಿನೊಳಗೆ ಮತ್ತೊಮ್ಮೆ ಹೊಕ್ಕು ನೋಡೋಣವೆಂದು ಕಣ್ಣು ಮುಚ್ಚಿದ. ಕುರ್ಚಿ, ಮೌಸು, ಪೆಟ್ಟಿಗೆ. ಹೌದು ಒತ್ತಿದ. ಮಳೆ ಬಂತು. ಅಲ್ಲ, ಮಳೆ ಬೇಡ. ಕುರ್ಚಿ, ಮೌಸು, ಫೋನು ಬಂತು, ಮಾಮಾ ಲಗೂ ಬರ್ರಿ. ಎದ್ದ. ಪೆಟ್ಟಿಗೆ ಅಲ್ಲೇ ತೆರೆದು ಕೂತಿದೆ. ಇದು ನಿಜವೋ, ಹೆದರಿಕೆ ಕಟ್ಟಿಕೊಟ್ಟದ್ದೋ? ಎರಡರಲ್ಲೂ ಬೆಳಕು ಒಂದೇ ಥರ, ಬೆರಳು ಒಂದೇ ಥರ. ತನ್ನ ತಲೆಯೊಳಗೂ ಯಾರೋ ಕೂತು ಬೇಕಾದ ಸಂಖ್ಯೆಯನ್ನು ಬರೆದು ಕೂಡಿಸುತ್ತಿದ್ದಾರೆ ಅನಿಸಿತು. ಏನೂ ಆಗಿರದಿರಲಿ ದೇವರೇ ಎಂದುಕೊಂಡ. ಮರುಕ್ಷಣವೇ, ಏನೂ ಆಗಿರದಿದ್ದರೆ ಮೀನಾಕ್ಷಿಯ ಮುಖ ಹೇಗೆ ನೋಡಲಿ ಎಂದುಕೊಂಡ. ಒಂದಿಷ್ಟಾದರೂ ಏನಾದರೂ ಆಗಿರಲಿ ಎಂದು ಒಳಗೆ ಯಾವುದೋ ಬೇಡುತ್ತಿತ್ತು. ಅದನ್ನು ಕೇಳಿಸಿಕೊಂಡು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ರಾಣೆಬೆನ್ನೂರಿನಲ್ಲಿ ಇಳಿದು ಆಟೋ ಹಿಡಿದ. ದೂರದಿಂದ ಚಿಮಣಿಯ ಹೊಗೆ ಕಂಡಿತು. ಹೊಗೆ ಇದೆ, ಅಂದರೆ ಉರಿ ಇದೆ, ಅಂದರೆ ಇನ್ನೂ ಏನೂ ಆಗಿಲ್ಲ. ಗೇಟಿನ ವಾಚ್‌ಮನ್ನು ಅವನ ಹಣೆಯ ಕುಂಕುಮ, ಹೊಸ ಧೋತರ ನೋಡಿ ಸೆಲ್ಯೂಟು ಹೊಡೆದು ನಕ್ಕ. ಕಂಟ್ರೋಲ್ ರೂಮಿನಲ್ಲಿ ಶಂಭುಲಿಂಗ ಕುರ್ಚಿಗೆ ಒರಗಿ ಮೊಬೈಲು ನೋಡುತ್ತಿದ್ದ. "ಬಂದs ಬಿಟ್ರಲ್ಲೋ!" ಎಂದ, ಕಾಲು ಕೆಳಗಿಳಿಸದೆ. ಚನ್ನೇಶ ಉತ್ತರ ಕೊಡದೆ ಪರದೆಯ ಮುಂದೆ ಬಾಗಿದ. ಡ್ರಮ್ಮಿನ ನೀರಿನ ಹಸಿರು ಗೆರೆ ಬೆಳಗಿನಿಂದ ಈ ತನಕ, ಪರದೆಯ ಆ ತುದಿಯಿಂದ ಈ ತುದಿಗೆ, ಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿತ್ತು. ಅದರ ಮೇಲೆ ಕೆಳಗೆ ಉಳಿದ ಗೆರೆಗಳು, ಉಗಿಯದು, ಬಿಸಿಯದು, ಎಲ್ಲವೂ ನಡುಗುತ್ತಿದ್ದವು. ಇದೊಂದೇ ಸತ್ತಿತ್ತು. ಅದರ ಎದುರಿಗೇ ಶಂಭುಲಿಂಗ ಇಡೀ ದಿನ ಕೂತಿದ್ದ.

ಹಿಂದಿನ ಕೋಣೆಯ ಯಂತ್ರದಲ್ಲಿ ಪೆಟ್ಟಿಗೆ ಇನ್ನೂ ತೆರೆದಿತ್ತು. ಫೋರ್ಸ್ ತೆಗೆಯಲೇ, ಹೌದೋ ಅಲ್ಲವೋ. ಅವನು ಬೆರಳು ಇಟ್ಟು ತೆಗೆದುಕೊಂಡ. ಈಗ ಒತ್ತಿದರೆ ನಿಜವಾದ ಸಂಖ್ಯೆ ಬರುತ್ತದೆ. ಅದು ತೀರ ಕೆಳಗಿದ್ದರೆ ಆ ಗಳಿಗೆಯಲ್ಲೇ ಎಲ್ಲ ನಿಂತು, ಯಾಕೆ ನಿಂತಿತೆಂದು ವಿಚಾರಣೆಯಾಗುತ್ತದೆ. ಮೊದಲು ಗಾಜು ನೋಡಬೇಕು.

ಧೋತರ ಎತ್ತಿ ಕಟ್ಟಿ ಕಬ್ಬಿಣದ ಮೆಟ್ಟಿಲು ಹತ್ತಿದ. ಮೇಲಕ್ಕೆ ಹೋದಂತೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಡ್ರಮ್ಮಿನ ಬದಿಯಲ್ಲಿ ಉದ್ದನೆಯ ಗಾಜಿನ ನಳಿಗೆ. ಅದರೊಳಗೆ ಗೆರೆ ಇರಲಿಲ್ಲ. ತುಂಬಿ ತುಳುಕಿದ ಗಾಜೂ, ಪೂರಾ ಬರಿದಾದ ಗಾಜೂ ನೋಡಲು ಒಂದೇ ಥರ. ಅವನು ನಳಿಗೆಯ ಬುಡದ ನಲ್ಲಿಯನ್ನು ಅಂಗಿಯ ತುದಿಯಿಂದ ಹಿಡಿದು ತುಸು ತಿರುಗಿಸಿದ. ನೀರಿದ್ದರೆ ನೀರು ಚಿಮ್ಮಬೇಕು. ಬಂದದ್ದು ಒಣ ಉಗಿ, ಸುಯ್ಯನೆ ಬಂತು. ಹಾಗಾದರೆ ನೀರು ಗಾಜಿಗಿಂತ ಕೆಳಗೆ ಹೋಗಿದೆ, ಎಷ್ಟು ಕೆಳಗೆ ಎಂದು ಯಾರಿಗೂ ಗೊತ್ತಿಲ್ಲ. ಬೇಕಾದ್ದಕ್ಕಿಂತ ಕೂದಲಷ್ಟು ಹೆಚ್ಚು ನೀರಿದೆ ಎಂದು ಅವನ ಐವತ್ತೆರಡನ್ನು ನಂಬಿದ ಕಂಪ್ಯೂಟರು, ಬೆಳಗಿನಿಂದ ಕೂದಲಷ್ಟು ಕೂದಲಷ್ಟೇ ನೀರು ಕಡಿಮೆ ಮಾಡುತ್ತ ಬಂದಿತ್ತು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಒಂದೇ. ಉರಿ ನಿಲ್ಲಿಸಬೇಕು, ಜನರನ್ನು ದೂರ ಕಳಿಸಬೇಕು. ಕೆಂಪಗೆ ಕಾದ ಕೊಳವೆಗೆ ಮೇಲಿಂದ ನೀರು ಬಿಡಬಾರದು, ಒಡೆಯುತ್ತದೆ. ಡಿಪ್ಲೊಮಾದಲ್ಲಿ ಓದಿದ್ದು, ಹೊಸಬರಿಗೆ ಅವನೇ ಹೇಳಿಕೊಟ್ಟದ್ದು.

ಅವನು ಜಾಲರಿಯ ನೆಲದಿಂದ ಕೆಳಗೆ ನೋಡಿದ. ಬಾಯ್ಲರಿನ ಗೋಡೆಯ ನೆರಳಿನಲ್ಲಿ ಬೂದಿ ಬಾಚುವ ಸೈದಾಬಿ ಮತ್ತು ಅವಳ ಸೊಸೆ ಆಯಿಶಾ ಬುತ್ತಿ ಬಿಚ್ಚಿ ಕೂತಿದ್ದರು. ರೊಟ್ಟಿಯ ಬಿಳಿ, ಚಟ್ನಿಯ ಕೆಂಪು ಅಷ್ಟು ಮೇಲಿನಿಂದಲೂ ಕಾಣುತ್ತಿತ್ತು. ಕೊಳವೆ ಒಡೆದರೆ ಮೊದಲು ಬೀಳುವುದು ಆ ಗೋಡೆಯೇ. ಅವನು ಕೈ ಎತ್ತಿದ. ಕೂಗಬೇಕು. ಓಡಿ ಎನ್ನಬೇಕು. ಯಾಕೆ ಎಂದು ಕೇಳುತ್ತಾರೆ. ಯಾಕೆಂದು ಹೇಳಬೇಕಾಗುತ್ತದೆ. ಆಮೇಲೆ ಕಂಟ್ರೋಲ್ ರೂಮಿನಲ್ಲಿ ಎರಡೂ ಪಾಳಿಯವರು ಕೂತಿರುತ್ತಾರೆ, ವಿರೂಪಾಕ್ಷ ಮಗುವಿಗೆ ಹೇಳುವಂತೆ, ಏನಾಗಿತ್ತು ಹೇಳಪ್ಪಾ ಎನ್ನುತ್ತಾರೆ, ಫೋರ್ಸ್ ಮಾಡೆಂದು ನಾನು ಯಾವಾಗ ಹೇಳಿದ್ದೆ ಎಂದೂ ಕೇಳುತ್ತಾರೆ. ಆಯಿಶಾ ಏನೋ ಹೇಳಿ ನಕ್ಕಳು, ಅತ್ತೆ ಅವಳ ಬೆನ್ನಿಗೆ ಹುಸಿಯಾಗಿ ಗುದ್ದಿದಳು. ಚನ್ನೇಶನ ಎತ್ತಿದ ಕೈ ಎಷ್ಟು ಹೊತ್ತು ಹಾಗೇ ಇತ್ತೋ ಅವನಿಗೇ ತಿಳಿಯದು. ಇಳಿಸಿದ. ಕೂಗಲಿಲ್ಲ. ಮೆಟ್ಟಿಲಿಳಿದು, ಅವರಿಬ್ಬರ ಪಕ್ಕದಿಂದಲೇ, ಅವರ ಕಡೆ ನೋಡದೆ ಕಂಟ್ರೋಲ್ ರೂಮಿಗೆ ನಡೆದ.

"ಶಂಭುಲಿಂಗ, ಕಟಗಿ ಹಸಿ ಬರಾಕತ್ತೈತಿ, ಉರಿ ಸರಿ ಇಲ್ಲ. ಒಂದೀಟು ಫೀಡ್ ಕಡಿಮಿ ಮಾಡೋಣು" ಎಂದ. ತನ್ನ ದನಿ ಎಷ್ಟು ಸಹಜವಾಗಿದೆ ಎಂದು ಅವನಿಗೇ ಬೆರಗಾಯಿತು.

"ಮಾಡ್ರಿ ಮಾರಾಯ್ರ, ನೀವs ಕುಂದ್ರಿ. ನಾ ಒಂದು ಚಾ ಕುಡದು ಬರ್ತೇನಿ."

ಉರಿ ನಿಲ್ಲಿಸುವ ಕೆಂಪು ಗುಂಡಿ ಮೇಜಿನ ಬಲಕ್ಕೆ, ಗಾಜಿನ ಮುಚ್ಚಳದ ಕೆಳಗೆ, ಮೊಣಕೈಯಿಂದ ಗೇಣು ದೂರದಲ್ಲಿತ್ತು. ಅವನು ಅದನ್ನು ಒತ್ತಲಿಲ್ಲ. ಕಟ್ಟಿಗೆ ಕಡಿಮೆ ಮಾಡಿದ, ಗಾಳಿ ಕಡಿಮೆ ಮಾಡಿದ, ನೀರನ್ನು ಎಳೆಯೆಳೆಯಾಗಿ ಬಿಟ್ಟ. ಕಾದ ಹಂಚಿನ ಮೇಲೆ ಹನಿ ಚಿಮುಕಿಸುವವನಂತೆ ಬಿಡುತ್ತ, ಪ್ರತಿ ಹನಿಗೂ ಗೋಡೆಯಾಚೆಯ ಸಿಡಿತ ಕೇಳಲು ಕಾಯುತ್ತ ಕೂತ.  ಈ ಹೊತ್ತಿನಲ್ಲೂ ಎದ್ದು ಹೋಗಿ ಆ ಇಬ್ಬರಿಗೆ, ಅಮ್ಮಾ ಅತ್ತ ಮರದ ಕೆಳಗೆ ಕೂಡ್ರಿ, ಇಲ್ಲಿ ಧೂಳು ಎಂದಾದರೂ ಹೇಳಬಹುದಿತ್ತು. ಸುಳ್ಳು ಹೇಳಿಯಾದರೂ ಎಬ್ಬಿಸಬಹುದಿತ್ತು. ಇದು ಅವನಿಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ. ಅಥವಾ ಆಗಲೇ ಹೊಳೆದಿತ್ತೋ ಏನೋ. ಕೂತಲ್ಲಿಂದ ಎದ್ದರೆ ತಾನು ಎದ್ದದ್ದು ಯಾರಾದರೂ ನೋಡಿಯಾರು ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಸಿಡಿಯಲಿಲ್ಲ. ಮತ್ತೊಮ್ಮೆ ಮೇಲೆ ಹತ್ತಿ ನೋಡಿದಾಗ ಗಾಜಿನ ಬುಡದಲ್ಲಿ ನೀರಿನ ಅಂಚು ಕಾಣಿಸಿಕೊಂಡು ತಳಮಳಿಸುತ್ತಿತ್ತು. ಹಿಂದಿನ ಕೋಣೆಗೆ ಬಂದು ಹೌದು ಒತ್ತಿದ. ಈ ಸಲ ಒತ್ತಿದ್ದನ್ನು ಕಣ್ಣಾರೆ ಕಂಡ, ಬಾಯಿಬಿಟ್ಟು ಒತ್ತಿದೆ ಎಂದೂ ಹೇಳಿಕೊಂಡ. ಪರದೆಯ ಮೇಲೆ ಐವತ್ತೆರಡು ಅಳಿಸಿ ಇಪ್ಪತ್ತೆಂಟಾಯಿತು, ಕಂಪ್ಯೂಟರು ಉರಿ ನಿಲ್ಲಿಸುವ ಮಟ್ಟಕ್ಕಿಂತ ತುಸುವೇ ಮೇಲೆ; ನೇರ ಗೆರೆ ಬಾವಿಗೆ ಬಿದ್ದಂತೆ ದಬಕ್ಕನೆ ಕೆಳಗೆ ಬಿದ್ದು, ಅಲ್ಲಿಂದ ನಡುಗುತ್ತ ನಿಧಾನಕ್ಕೆ ಮೇಲೇರತೊಡಗಿತು. ಶಂಭುಲಿಂಗ ಚಹ ಮುಗಿಸಿ ಬರುವ ಹೊತ್ತಿಗೆ ಎಲ್ಲ ಇರಬೇಕಾದಲ್ಲಿ ಇತ್ತು. ಗೆರೆ ಬಿದ್ದ ಜಾಗ ಪರದೆಯ ನಡುವೆಯೇ ಇತ್ತು, ನೋಡುವವರು ಇರಲಿಲ್ಲ.

"ಹ್ಯಾಂಗ? ಎಲ್ಲಾ ಬರೋಬ್ಬರಿ ಐತಿಲ್ಲೋ?"

"ಐತಿ."

"ಫೋರ್ಸ್?"

ಚನ್ನೇಶ ಹಣೆಯ ಬೆವರು ಒರೆಸಿಕೊಂಡ. ಕುಂಕುಮ ಕೈಗೆ ಬಂತು. "ಬೆಳಿಗ್ಗೇನs ತಗದಿದ್ದೆ. ನನಗs ನೆನಪಿದ್ದಿಲ್ಲ."

ಶಂಭುಲಿಂಗ ತೊಡೆ ತಟ್ಟಿಕೊಂಡು ನಕ್ಕ. ಕೂಡಲೇ ವಿರೂಪಾಕ್ಷರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ, ಕುಬಸ ಬಿಟ್ಟು ಓಡಿಬಂದ ಕಥೆಯನ್ನು ಬಣ್ಣ ಕಟ್ಟಿ ಹೇಳಿದ. ಆ ಕಡೆಯಿಂದ ವಿರೂಪಾಕ್ಷ ಸಣ್ಣಗೆ ನಕ್ಕರು. "ಪಾಪ, ಅಂವಗ ಏನೂ ಅನಬ್ಯಾಡ್ರಿ. ಆದರ ಇನ್ಮ್ಯಾಲೆ ಅಂವ ಫೋನ್ ಮಾಡಿ ಹಂಗ ಮಾಡ್ರಿ, ಹಿಂಗ ಮಾಡ್ರಿ ಅಂದ್ರ ಕಿವ್ಯಾಗ ಹಾಕ್ಕೋಬ್ಯಾಡ್ರಿ. ಚನ್ನೇಶ, ಕೇಳಸ್ತೇನಪಾ?" "ಕೇಳಸ್ತ್ರಿ ಸರ್" ಎಂದ ಚನ್ನೇಶ. ಅವನೂ ನಕ್ಕ. ನಗುವುದು ಅಷ್ಟು ಸುಲಭವಾಗಿರುತ್ತದೆ ಎಂದು ಅವನು ಎಣಿಸಿರಲಿಲ್ಲ. ಎಲ್ಲರೂ ಸೇರಿ ಅವನನ್ನು ಒಂದು ಮೆತ್ತನೆಯ ಗುಂಡಿಗೆ ತಳ್ಳುತ್ತಿದ್ದರು. ಅದರೊಳಗೆ ಬಿದ್ದರೆ ಏನೂ ನೋಯುತ್ತಿರಲಿಲ್ಲ.

ಹೊರಗೆ ಬಂದಾಗ ಸೈದಾಬಿ ಕೈತೊಳೆದು ಬುತ್ತಿಯ ಬಟ್ಟೆ ಝಾಡಿಸುತ್ತಿದ್ದಳು. ಅವನನ್ನು ಕಂಡು ನಿಂತಳು.

"ಯಪ್ಪಾ, ಮಾರಿ ಯಾಕ ಹಂಗ ಬಿಳಚೇತಿ? ಉಂಡಿರೋ ಇಲ್ಲೋ? ಆಯಿಶಾ, ಒಂದು ರೊಟ್ಟಿ ಉಳದೈತಲ್ಲ, ಕೊಡವಾ ಇವರಿಗೆ."

ಬೇಡವೆನ್ನುವ ಮೊದಲೇ ರೊಟ್ಟಿ ಕೈಗೆ ಬಂದಿತ್ತು, ಮೇಲೆ ಕೆಂಪು ಚಟ್ನಿ. ಅವನು ಮುರಿದು ಬಾಯಿಗಿಟ್ಟ.

"ಮ್ಯಾಲೆ ನಿಂತು ಕೈ ಎತ್ತಿದ್ರಲ್ಲ, ನಮ್ಮನ್ನ ಕರದ್ರೇನು?" ಎಂದು ಸೈದಾಬಿ ಕೇಳಿದಳು.

ಅವನು ಇನ್ನೊಂದು ತುಂಡು ಮುರಿದ. "ಇಲ್ಲ" ಎಂದ.

"ನಾ ಅಂದ್ಕೊಂಡೆ, ಏನೋ ಹೇಳಾಕತ್ತಾರ, ಏಳೋಣಂತ. ಈಕಿ ಅಂದ್ಲು, ಸುಮ್ನ ಉಣ್ಣು ಅತ್ತಿ, ಹೇಳೂದಿದ್ರ ಒದರ್ತಾರ." ಅವಳು ಬಟ್ಟೆ ಮಡಚಿದಳು. "ಖಾರ ಆತೇನು? ಕಣ್ಣಾಗ ನೀರು ಬಂದುವಲ್ಲೋ ಯಪ್ಪಾ."

ಬಸ್ಸು ಸ್ಟ್ಯಾಂಡಿನಲ್ಲಿ ಮೀನಾಕ್ಷಿಯ ಫೋನು ಬಂತು. ಅವಳ ಹಿಂದೆ ಪಾತ್ರೆಗಳ ಸದ್ದಿತ್ತು, ಕಾರ್ಯ ಮುಗಿದಿತ್ತು. ಅವಳು ಅತ್ತಿದ್ದಳೆಂದು ತಿಳಿಯುತ್ತಿತ್ತು. "ಅಲ್ಲಿ ಏನರ ಆಗಿತ್ತೇನ್ರಿ?" ಎಂದು ಕೇಳಿದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು. ಹೌದು, ಆಗಿತ್ತು ಎಂದುಬಿಟ್ಟರೆ ಅವಳು ತಮ್ಮನಿಗೆ, ತಾಯಿಗೆ, ಆ ಪಡಸಾಲೆಯ ಎಲ್ಲ ಹೆಂಗಸರಿಗೆ, ನೋಡ್ರಿ, ನನ್ನ ಗಂಡ ಸುಮ್ಮನೆ ಎದ್ದು ಹೋಗಿರಲಿಲ್ಲ ಎಂದು ತಲೆಯೆತ್ತಿ ಹೇಳಬಹುದಿತ್ತು. ಮಾಂತೇಶ ಹೇಳುತ್ತಾನೆ, ಅದು ಊರಿಗೆ ಹಬ್ಬುತ್ತದೆ, ರಾಣೆಬೆನ್ನೂರಿಗೂ ಬರುತ್ತದೆ. ಅವನು ಸ್ಟ್ಯಾಂಡಿನ ಕಂಬಕ್ಕೆ ಒರಗಿದ.

"ಏನೂ ಆಗಿದ್ದಿಲ್ಲ. ನನ್ನ ಭ್ರಮೆ."

ಆ ಕಡೆ ಅವಳ ಹೊಸ ಬಳೆಗಳ ಸದ್ದಾಯಿತು. ಆಮೇಲೆ, "ಮಾಂತೇಶ ಹಾವೇರ್ಯಾಗ ಒಬ್ಬ ಡಾಕ್ಟರ್ ಅದಾರಂತಾನ. ಮನಸಿಂದು ನೋಡೋರು. ಬರ್ತೀರೇನು?" ಎಂದಳು. ಬರುತ್ತೇನೆಂದ.

ಡಾಕ್ಟರು ಸೌಮ್ಯ ಮನುಷ್ಯ. ಹಾವೇರಿಯ ಆ ಸಣ್ಣ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಹೊರಗೆ ಬೆಂಚಿನ ಮೇಲೆ ಮಾಂತೇಶ ಕೂತಿದ್ದ. ಬೀಗ, ಗ್ಯಾಸು, ಬೇರಿಂಗು ಎಲ್ಲವನ್ನೂ ಮೀನಾಕ್ಷಿಯೇ ಹೇಳಿದಳು. ತವರಿನಲ್ಲಿ ಮುಚ್ಚಿಟ್ಟದ್ದೆಲ್ಲವನ್ನೂ ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಕುಬಸದ ದಿನದ್ದನ್ನು ಹೇಳುವಾಗ ಮಾತ್ರ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಚನ್ನೇಶ ತಲೆ ತಗ್ಗಿಸಿ ಕೂತು ಕೇಳಿದ. ಬೇರೆ ಯಾರದೋ ಕಥೆಯಂತೆ ಕೇಳುತ್ತಿತ್ತು, ಆ ಮನುಷ್ಯನ ಬಗ್ಗೆ ಅವನಿಗೆ ಕನಿಕರವೂ ಆಯಿತು. ಇದು ಬಹಳ ಜನರಿಗೆ ಇರುವ ಕಾಯಿಲೆ, ನಾಚಿಕೆಪಡುವಂಥದ್ದೇನಿಲ್ಲ ಎಂದರು ಡಾಕ್ಟರು. ಗುಳಿಗೆ ತಗೊಂಡರೆ ಕೆಲವು ವಾರಗಳಲ್ಲಿ ಸಂಶಯದ ಕಾಟ ತಗ್ಗುತ್ತದೆ, ಹೊರಳಿ ಹೊರಳಿ ನೋಡಬೇಕೆನಿಸುವುದಿಲ್ಲ, ಪರದೆಯ ಮುಂದೆ ನಿಶ್ಚಿಂತೆಯಾಗಿ ಕೂಡಬಹುದು ಎಂದರು. ಪೆನ್ನು ತೆರೆದವರು ಏನೋ ನೆನಪಾಗಿ ತಲೆಯೆತ್ತಿದರು.

"ಒಂದು ಕೇಳ್ತೇನಿ, ವಿಚಾರ ಮಾಡಿ ಹೇಳ್ರಿ. ಹಿಂಗ ಹೆದರಿ ಹೋಗಿ ನೋಡಿದಾಗ, ನೀವು ಹೆದರಿದ್ದು ಒಮ್ಮೆರ ಖರೇ ಆಗಿದ್ದು ಐತೇನು?"

ಮೀನಾಕ್ಷಿ ಅವನ ಕಡೆ ಹೊರಳಿದಳು. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು.  ಹೌದು ಎನ್ನಲು ಬೇಕಾದ ಗಾಳಿ ಚನ್ನೇಶನ ಎದೆಯಲ್ಲಿ ತುಂಬಿಕೊಂಡಿತು, ತುಟಿ ತೆರೆಯಿತು.

"ಇಲ್ರಿ" ಎಂದ. "ಒಮ್ಮೆನೂ ಇಲ್ಲ."

"ಹಂಗಂದ್ರ ಇದು ಗುಣ ಆಗತೈತಿ" ಎಂದು ಡಾಕ್ಟರು ಚೀಟಿ ಬರೆಯತೊಡಗಿದರು. ಮೀನಾಕ್ಷಿ ಮೇಜಿನ ಕೆಳಗೆ ಅವನ ಕೈ ಹುಡುಕಿ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು. ಅವಳು ತಡೆದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟದ್ದು ಅವನಿಗೆ ಕೇಳಿಸಿತು.